ಘಟ್ಟಕ್ಕೂ ಸೈ ಎನ್ನುವ ಟಯರು

ಹದಿನಾರು ವರ್ಷದ ಕಾರಿಗೆ ಟಯರ್ ಹಾಕಿಸಲು ಮೇಷ್ಟ್ರು ಎರಡು ಸಲ ಸ್ಕೂಟರಿನಲ್ಲಿ ಅಂಗಡಿಗೆ ಬಂದು ವಿಚಾರಿಸಿ ಹೋಗಿದ್ದರು. ಮೂರನೆಯ ಸಲ ಹೆಂಡತಿಯನ್ನು ಕೂರಿಸಿಕೊಂಡು ಕಾರನ್ನೇ ತಂದರು. ತಪ್ಪು ಟಯರ್ ಆರಿಸಿ ಮನೆಮಂದಿಯ ಜೀವಕ್ಕೆ ಸಂಚಕಾರ ತಂದುಬಿಟ್ಟರೆ ಎಂದು ಅವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

“ಮಳೇಲಿ ಜಾರಲ್ಲ ತಾನೆ? ಘಟ್ಟ ಇಳಿಯುವಾಗ ಹಿಡಿತ ಹೇಗೆ? ನೂರರಲ್ಲಿ ಹೋಗ್ತಿದ್ದಾಗ ಸಿಡಿದ್ರೆ?”

“ಏನೂ ಆಗಲ್ಲ ಸಾರ್,” ಎನ್ನುತ್ತ ಅಂಗಡಿಯವನು ಬಗ್ಗಿ ಹಳೆಯ ಟಯರನ್ನು ಸವರಿದ. “ಅಲ್ಲಾ, ಇದು ಚೂರೂ ಸವೆದಿಲ್ಲ, ಬರೀ ವಯಸ್ಸಾಗಿ ಬಿರುಕು ಬಿಟ್ಟಿದೆ! ವರ್ಷಕ್ಕೆ ಎಷ್ಟು ಓಡಿಸ್ತೀರಿ?”

ಮೇಷ್ಟ್ರು ಕೆಮ್ಮಿದರು.

ಹೆಂಡತಿ ಕಾರಿನೊಳಗಿಂದಲೇ ಹೇಳಿದರು: “ನಾಲ್ಕು ನಿಂಬೆಹಣ್ಣಿನಷ್ಟು ಕಣಪ್ಪಾ. ಆಯುಧಪೂಜೆ ದಿನ ಚಕ್ರದ ಕೆಳಗಿಟ್ಟಿದ್ದು ಅಪ್ಪಚ್ಚಿಯಾದ್ರೆ ಸಾಕು, ಹಾಗೇ ಹಿಂದಕ್ಕೆ ತಗೊಂಡು ಶೆಡ್ಡಿಗೆ ಬಿಡ್ತಾರೆ.”