ಕುಳಿತಲ್ಲೇ ಈಜಿದ ಕಿಟ್ಟಣ್ಣ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ಹೇಳಿದವನ ಬಾವಿ ಈ ಬೇಸಿಗೆಗೇ ಬತ್ತಿಹೋಗಲಿ. ಕಳೆದ ಎಪ್ರಿಲಿನ ಒಂದು ಭಾನುವಾರ, ಬೆಳ್ಳೂರಿನ ಕಿಟ್ಟಣ್ಣನ ಅಂಗಳದಲ್ಲಿ ಮೊಮ್ಮಗಳು ಕ್ಷಮಾ ಅಜ್ಜನ ಎಡಗೈ ಎಳೆದು, ಅದಕ್ಕೆ ಕಟ್ಟಿದ್ದ ವಾಚು ನೋಡಿ ಹೌಹಾರಿದಳು.

"ದಿನಕ್ಕೆ ಆರು ಸಾವಿರ ಹೆಜ್ಜೆ ನಡೀಬೇಕು ಅಂತ ಹೇಳಿದ್ದಲ್ವಾ ಅಜ್ಜ? ನಿನ್ನೆ ಮುನ್ನೂರ ಹನ್ನೊಂದು! ಇಡೀ ದಿನ ಕೂತುಕೊಂಡೇ ಇದ್ರಾ?"

"ಕೂತುಕೊಂಡೇ ಇದ್ದೆ ಮಗಾ. ಸುಳ್ಳು ಯಾಕೆ ಹೇಳ್ಲಿ?"

ಕ್ಷಮಾ ಕಾಸರಗೋಡಿನಲ್ಲಿ ನರ್ಸು. ಎಪ್ಪತ್ತೆರಡರ ಅಜ್ಜ ಜಗಲಿಯಲ್ಲಿ ಕುಳಿತು ತುಕ್ಕು ಹಿಡಿಯುತ್ತಿದ್ದಾನೆಂದು ತಿಂಗಳ ಹಿಂದೆ ಆ ವಾಚು ತಂದು ಕಟ್ಟಿದ್ದಳು. ಅದು ಹೆಜ್ಜೆ ಎಣಿಸುತ್ತದೆ, ಒಂದು ಗಂಟೆ ಕುಳಿತರೆ ಎದ್ದೇಳು ಎಂದು ಗುರ್ ಅನ್ನುತ್ತದೆ. ತಿಂಗಳೊಳಗೆ ಆರು ಸಾವಿರ ಮುಟ್ಟದಿದ್ದರೆ ಕಿಟ್ಟಣ್ಣ ಮಣ್ಣು ಅಗೆಯುವ ತನ್ನ ಪಿಕ್ಕಾಸನ್ನು ಗುಜರಿಗೆ ಕೊಟ್ಟು, ಅವಳ ಫ್ಲಾಟಿಗೆ ಹೋಗಿ, ದಿನಾ ಟೆರೇಸಿನ ಮೇಲೆ ಸುತ್ತು ಹಾಕಬೇಕು. ಹಾಗೆಂದು ಮಾತಾಗಿತ್ತು. ಆ ಪಿಕ್ಕಾಸು ನಲವತ್ತು ವರ್ಷ ಅವನ ಕೈಯಲ್ಲಿದ್ದದ್ದು.

ಕುಳಿತಿದ್ದೆ ಎಂದದ್ದು ನಿಜವೇ. ಎಲ್ಲಿ ಎಂದು ಅವಳು ಕೇಳಲಿಲ್ಲ. ಅವನು ಕುಳಿತಿದ್ದದ್ದು ಮನೆಯ ಹಿಂದಿನ ಗುಡ್ಡದ ಹೊಟ್ಟೆಯೊಳಗೆ. ಸುರಂಗ ಕೊರೆದು ನೀರು ತರುವುದು ಅವನ ಕಸುಬು. ಊರೆಲ್ಲ ಬೋರ್‌ವೆಲ್ ಆದ ಮೇಲೆ ಕರೆಯುವವರಿಲ್ಲದೆ ತನ್ನ ಗುಡ್ಡಕ್ಕೇ ಕೈ ಹಾಕಿದ್ದ. ಸುರಂಗದೊಳಗೆ ನಿಂತು ಅಗೆಯಲಿಕ್ಕಾಗುತ್ತದೆಯೇ? ಕುಳಿತೇ ಅಗೆಯಬೇಕು. ವಾಚು ಗಂಟೆಗೊಮ್ಮೆ ಗುರ್ ಅಂದಾಗ, "ನೀನೇ ಎದ್ದು ನೋಡು, ತಲೆ ಒಡೀತದೆ" ಎಂದು ಅದಕ್ಕೇ ಬೈದು, ತಿಂಗಳಲ್ಲಿ ಹದಿನೆಂಟು ಕೋಲು, ಎಂದರೆ ನಲವತ್ತು ಅಡಿಗೂ ಮಿಕ್ಕಿ, ಒಳಗೆ ಹೋಗಿದ್ದ. ಅಗೆದ ಮಣ್ಣನ್ನು ದೊಡ್ಡದೊಂದು ಅಡಿಕೆ ಹಾಳೆಗೆ ತುಂಬುವನು. ಹೆಂಡತಿ ಜಲಜಾಕ್ಷಿ ಹೊರಗಿನಿಂದ ಹಗ್ಗ ಹಿಡಿದು ಎಳೆದು, ಹೊತ್ತು, ತೋಡಿನ ಬದಿಗೆ ಸುರಿದು ಬರುವಳು.

"ಆ ವಾಚು ನನ್ನ ಕೈಗೆ ಕಟ್ಟಿದ್ರೆ ನಾನು ಇಷ್ಟೊತ್ತಿಗೆ ದಿಲ್ಲಿ ಮುಟ್ಟಿರ್ತಿದ್ದೆ" ಎಂದಳು ಜಲಜಾಕ್ಷಿ, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕುತ್ತ.

ಕ್ಷಮಾಗೆ ಅದು ತಲೆಗೆ ಹೋಗಲಿಲ್ಲ. "ಪಿಕ್ಕಾಸು ಎಲ್ಲಿ ಉಂಟು ಅಜ್ಜ? ಕೊಟ್ಟ ಮಾತು ಕೊಟ್ಟದ್ದೇ."

"ತರ್ತೇನೆ ಮಾರಾಯ್ತಿ, ಕೂತಿರು."

ಕಿಟ್ಟಣ್ಣ ಮೋರೆ ಸಣ್ಣ ಮಾಡಿಕೊಂಡು ಮೇಣದ ಬತ್ತಿ ಹಚ್ಚಿ ಸುರಂಗಕ್ಕೆ ನುಗ್ಗಿದ. ಕೊನೆಯಲ್ಲಿ ಹಾಳೆಯ ಮೇಲೆ ಕುಳಿತು, ಪಿಕ್ಕಾಸನ್ನು ತೊಡೆಯ ಮೇಲಿಟ್ಟು, ಅಭ್ಯಾಸಬಲದಿಂದ ಮಣ್ಣಿಗೆ ಕಿವಿ ಕೊಟ್ಟ. ಒಳಗೆ ಯಾರೋ ಪಿಸುಗುಟ್ಟುತ್ತಿದ್ದ ಹಾಗೆ ಕೇಳಿತು. ಗುಜರಿಗೆ ಹೋಗುವ ಮೊದಲು ಒಂದಾರು ಪೆಟ್ಟು ಕೊಟ್ಟರೆ ಯಾರಿಗೆ ನಷ್ಟ?

ಐದನೆಯ ಪೆಟ್ಟಿಗೆ ಗುಡ್ಡ ಬಿಕ್ಕಳಿಸಿತು. ಆರನೆಯದಕ್ಕೆ ಬಾಯಿ ಬಿಟ್ಟಿತು. ಮೊದಲು ಬೆರಳು ಗಾತ್ರದ ನೀರು, ಮತ್ತೆ ತೊಡೆ ಗಾತ್ರದ್ದು, ಅದಕ್ಕಿಂತ ಮುಂದಿನದ್ದನ್ನು ನೋಡಲಿಕ್ಕೆ ಕಿಟ್ಟಣ್ಣ ಅಲ್ಲಿರಲಿಲ್ಲ. ಕುಳಿತ ಹಾಳೆಯ ಸಮೇತ, ಪಿಕ್ಕಾಸನ್ನು ಮಗುವಿನ ಹಾಗೆ ಅವಚಿಕೊಂಡು, ಹದಿನೆಂಟು ಕೋಲನ್ನು ಒಂದೇ ಉಸಿರಿಗೆ ದಾಟಿ, ಮನೆಯ ಬದಿಯಿಂದ ಅಂಗಳಕ್ಕೆ ನುಗ್ಗಿ, ಹಪ್ಪಳವನ್ನೆಲ್ಲ ಬಳಿದುಕೊಂಡು, ತುಳಸಿಕಟ್ಟೆಗೆ ಎರಡು ಸುತ್ತು ಬಂದು, ಮೊಮ್ಮಗಳ ಕಾಲಬುಡದಲ್ಲಿ ಬಂದು ನಿಂತ.

"ಅಯ್ಯೋ, ನನ್ನ ಹಪ್ಪಳ!" ಎಂದು ಜಲಜಾಕ್ಷಿ ಕೂಗಿಕೊಂಡಳು.

ವಾಚು ಗುರ್ ಎಂದಿತು. ಕ್ಷಮಾ ಅದನ್ನು ಒರೆಸಿ ಓದಿದಳು: "ಅಭಿನಂದನೆ, ನೀವು ಇನ್ನೂರು ಮೀಟರ್ ಈಜಿದ್ದೀರಿ." ಅಷ್ಟಕ್ಕೆ ನಂಬಿಕೆ ಬಾರದೆ ವಾಚನ್ನೇ ಬಿಚ್ಚಿ, ಅಜ್ಜ ಮಣ್ಣಿಗೆ ಕಿವಿ ಕೊಟ್ಟ ಹಾಗೆ ಅವನ ನಾಡಿಗೆ ತನ್ನ ಬೆರಳು ಕೊಟ್ಟು ಕಣ್ಣು ಮುಚ್ಚಿದಳು. ಕಂಬಳದ ಕೋಣದ ಹಾಗೆ ಓಡುತ್ತಿತ್ತು, ಆದರೆ ಒಂದೂ ತಾಳ ತಪ್ಪಿರಲಿಲ್ಲ.

"ಎಲ್ಲಿ ಕೂತಿದ್ದೆ ಅಂತ ಮೊದ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?"

"ನೀನು ಕೇಳಿದ್ದು ಕೂತಿದ್ರಾ ಅಂತ ಮಾತ್ರ ಅಲ್ವಾ?"

ಅಳುವುದೋ ನಗುವುದೋ ಗೊತ್ತಾಗದೆ ಕ್ಷಮಾ ಅವನ ತಲೆಗಂಟಿದ್ದ ಹಪ್ಪಳ ಕಿತ್ತಳು. ಅಜ್ಜನನ್ನು ಕರೆದೊಯ್ಯಲು ಬಂದವಳು ಸಂಜೆ ಬಸ್ಸಿಗೆ ಒಬ್ಬಳೇ ಹೋದಳು, ಕೈಯಲ್ಲಿ ಎರಡು ಕ್ಯಾನ್ ಸುರಂಗದ ನೀರು. ಪಿಕ್ಕಾಸು ಜಗಲಿಯಲ್ಲೇ ಉಳಿಯಿತು. ವಾಚು ಜಲಜಾಕ್ಷಿಯ ಕೈ ಸೇರಿತು.

ಎಡವಟ್ಟಾದದ್ದು ಅಲ್ಲೇ. ಕಿಟ್ಟಣ್ಣ ಈಗ ನೆರೆಮನೆಗೊಂದು ಸುರಂಗ ತೋಡುತ್ತಿದ್ದಾನೆ. ಜಲಜಾಕ್ಷಿ ಮಾತ್ರ ಆರು ಸಾವಿರ ಹೆಜ್ಜೆಯಾದ ಕೂಡಲೇ ಹಗ್ಗ ಬಿಟ್ಟು, "ನನ್ನದು ಮುಗೀತು" ಎಂದು ಕುಳಿತುಬಿಡುತ್ತಾಳೆ. ಮಣ್ಣು ಒಳಗೇ ಬಿದ್ದಿದೆ. ಆದ್ದರಿಂದ ಈ ಕಥೆ ನಂಬದವರು ನಾಳೆಯೇ ಬಂದು ಹತ್ತು ಹಾಳೆ ಮಣ್ಣು ಎಳೆದು, ಆಮೇಲೆ ಮಾತಾಡಿ. ನಂಬಿದವರಿಗೆ ರಿಯಾಯಿತಿ ಉಂಟು, ಐದು ಸಾಕು.