ಅಜ್ಜನ ಹಿಮ್ಮಡಿಯ ಮುಳ್ಳು

ಟಿಂಚರಿನ ವಾಸನೆ ಬಂದರೆ ಇವತ್ತಿಗೂ ಮಸ್ಕಿಯ ನಮ್ಮ ಓಣಿಯ ಆ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ. ರಜಾಕಾರರ ಗಲಾಟೆ ಮುಗಿದು ಕೆಲವು ವರ್ಷಗಳಾಗಿದ್ದವು. ರಾಯಚೂರಿನಿಂದ ಲೇಡಿ ಡಾಕ್ಟರು ಜೀಪಿನಲ್ಲಿ ಬಂದಿದ್ದರು. ಸಕ್ಕರೆ ಕಾಯಿಲೆಯವರ ಕಾಲು ನೋಡುತ್ತಾರಂತೆ! ನಾವು ಮಕ್ಕಳು ಜೀಪಿನ ಹಿಂದೆಯೇ ಓಡಿದೆವು. ಅಜ್ಜನಿಗೂ ಇದ್ದ ಅದೇ ಕಾಯಿಲೆಯಿಂದ ಅವನ ತಮ್ಮ ಒಂದು ಕಾಲು ಕಳೆದುಕೊಂಡಿದ್ದ. ಹಾಗಾಗಿ ಅಜ್ಜಿ ಹಟ ಹಿಡಿದು ಅಜ್ಜನನ್ನು ಕಟ್ಟೆಯ ಮೇಲೆ ಕೂಡಿಸಿದ್ದಳು.

“ದಿನಾ ಕಾಲು ತೊಳ್ದು ನೋಡ್ಕೋತೀರೇನ್ರಿ? ಚಪ್ಪಲಿ ಹಾಕ್ಕೋತೀರಿ?” ಎಂದು ಡಾಕ್ಟರು ಕೇಳಿದರು.

“ನನ್ನ ಕಾಲಿಗೇನಾಗೇತ್ರಿ? ಬರಿಗಾಲಾಗ ಹೊಲ ಸುತ್ತಿ ಬಂದೀನಿ,” ಎಂದು ಅಜ್ಜ ಮೀಸೆ ತಿರುವಿದ.

ಡಾಕ್ಟರು ಅವನ ಕಣ್ಣು ಮುಚ್ಚಿಸಿ, ಅಂಗಾಲನ್ನು ಅರಳೆಯಿಂದ ಸವರಿದರು. “ಮುಟ್ಟಿದ್ರ ಹೇಳ್ರಿ.”

ಅಜ್ಜ ಕಾಯುತ್ತಲೇ ಇದ್ದ. “ಇನ್ನಾ ಮುಟ್ಟವಲ್ರೇನು?”

ನಾವು ಕಿಸಕ್ಕನೆ ನಕ್ಕೆವು. ಅಜ್ಜಿ ನಗಲಿಲ್ಲ.

ಅವನ ಹಿಮ್ಮಡಿಯಿಂದ ಉದ್ದನೆಯ ಜಾಲಿಮುಳ್ಳು ಚಿಮಟಕ್ಕೆ ಸಿಕ್ಕಿ ಹೊರಬಂದಾಗ ಓಣಿಗೆ ಓಣಿಯೇ ಹೋ ಎಂದಿತು.

“ಕೀವಾಗಿಲ್ಲ. ಕಾಲು ಉಳೀತು!” ಎಂದರು ಡಾಕ್ಟರು, ಗಾಯಕ್ಕೆ ಟಿಂಚರು ಹಚ್ಚುತ್ತ. ನಾವು ಕುಣಿದಾಡಿದೆವು.

ಅಜ್ಜಿ ಎಲ್ಲರೆದುರೇ ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. “ಇನ್ನ ದಿನಾ ನಾನ ನೋಡಾಕಿ. ಬ್ಯಾಡ ಅಂದ್ರ ಕೇಳೂದಿಲ್ಲ.”

ಅಜ್ಜ ಇನ್ನೊಂದು ಕಾಲನ್ನೂ ಚಾಚಿದ.