ಎರಡು ಕುರ್ಚಿಯ ಅಂಗಡಿ

"ಇನ್ನು ಜೀವ ಇರೋವರೆಗೂ ನಿನ್ನ ಜೊತೆ ಮಾತಾಡಲ್ಲ" ಎಂದು ತಮ್ಮ ಆಣೆ ಮಾಡಿ ಹನ್ನೊಂದು ವರ್ಷವಾಗಿತ್ತು.

ಅಮ್ಮ ತೀರಿಕೊಂಡ ಮೂರನೇ ವಾರ ಅದು. ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕುಸಿದು ಕುಳಿತಿದ್ದ ಅಣ್ಣ, ಗಿರಾಕಿಗಳ ಎದುರೇ ಅಂದುಬಿಟ್ಟಿದ್ದ. "ನೀನು ಪಕ್ಕದಲ್ಲೇ ಇದ್ದೆ. ನೆಟ್ಟಗೆ ನೋಡಿಕೊಂಡಿದ್ದರೆ ಅಮ್ಮ ಉಳೀತಿದ್ಲು. ಇನ್ನು ನನ್ನ ಜೊತೆ ಮಾತಾಡಬೇಡ. ಆಣೆ ಮಾಡು." ತಮ್ಮ ಕುರ್ಚಿಯ ಹತ್ತಿರ ಬಂದ. ಆಮೇಲೆ ಕೈಯಿಟ್ಟು ಆಣೆ ಮಾಡಿದ.

ಅಂಗಡಿ ಮಾತ್ರ ಪಾಲಾಗಲಿಲ್ಲ. ಅಪ್ಪ ಹಾಕಿಸಿದ ಉದ್ದನೆಯ ಕನ್ನಡಿ ಒಂದೇ, ಕುರ್ಚಿ ಎರಡು. ಮಾತು ಬೇಕಾದಾಗ ಗಿರಾಕಿಯ ಮೂಲಕ ಹೋಗುತ್ತಿತ್ತು.

"ಸಾರ್, ಆ ಕುರ್ಚಿಯವರಿಗೆ ಹೇಳಿ, ಪೌಡರ್ ಮುಗಿದಿದೆ."

"ಮೇಷ್ಟ್ರೇ, ಈ ಕುರ್ಚಿಯವರಿಗೆ ಹೇಳಿ, ಕಣ್ಣು ಬಿಟ್ಟು ನೋಡಿದರೆ ಮೇಲಿನ ಖಾನೆಯಲ್ಲೇ ಇದೆ."

ಮುಖಕ್ಕೆ ನೊರೆ ಮೆತ್ತಿಸಿಕೊಂಡ ಗಿರಾಕಿಗಳು ನಗಲೂ ಆಗದೆ, ಸುಮ್ಮನಿರಲೂ ಆಗದೆ ಒದ್ದಾಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಬೇರೆ ದಾರಿಯಿರಲಿಲ್ಲ. ಊರಿಗೆಲ್ಲ ಕಟಿಂಗ್ ಮಾಡುವವನು ತನ್ನ ಹಿಂದಲೆಯ ಕೂದಲನ್ನು ತಾನೇ ಕತ್ತರಿಸಿಕೊಳ್ಳಲಾರ. ಇನ್ನೊಂದು ಅಂಗಡಿಗೆ ಹೋಗಿ ಕೂರುವುದಕ್ಕೆ ಮಾನ ಅಡ್ಡ ಬರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ರಜೆಯ ದಿನ, ಶಟರ್ ಅರ್ಧ ಎಳೆದು ಒಬ್ಬರಿಗೊಬ್ಬರು ಕೂದಲು ಕತ್ತರಿಸುತ್ತಿದ್ದರು. ಕತ್ತರಿಯದು ಬಿಟ್ಟರೆ ಬೇರೆ ಸದ್ದಿಲ್ಲ.

ಅಲ್ಲೂ ತಮ್ಮ ಹಗೆ ಬಿಟ್ಟಿರಲಿಲ್ಲ. ಎರಡು ವರ್ಷದಿಂದ ಅಣ್ಣನ ಹಿಂದಲೆಯಲ್ಲಿ ಒಂದು ಕುಚ್ಚು ಕೂದಲನ್ನು ಬೇಕಂತಲೇ ಹಾಗೇ ಬಿಡುತ್ತಿದ್ದ. ಅಣ್ಣನಿಗೆ ಅಲ್ಲಿ ಆಗಾಗ ಉರಿಯುತ್ತಿತ್ತು. ಕತ್ತರಿಯನ್ನು ಅಷ್ಟು ಒತ್ತಿ ಆಡಿಸಿದರೆ ಉರಿಯದೆ ಇನ್ನೇನು?

"ಏನಣ್ಣ, ಹಿಂದೆ ಗುಬ್ಬಿ ಗೂಡು ಕಟ್ಟಿದೆ?" ಗಿರಾಕಿಗಳು ರೇಗಿಸುತ್ತಿದ್ದರು.

"ಕೆಲವರಿಗೆ ಸೇಡು ತೀರಿಸಿಕೊಳ್ಳೋಕೆ ಕತ್ತರಿಯೇ ಸಾಕು," ಅಣ್ಣ ಅಂಗಡಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ.

ತಮ್ಮ ತನ್ನ ಗಿರಾಕಿಯ ಕಿವಿಯತ್ತ ಬಾಗುತ್ತಿದ್ದ. "ಅವರಿಗೆ ಹೇಳಿ ಸಾರ್, ಅಲ್ಲಿ ಬಾಚಣಿಗೆ ಹಾಕೋದು ಬೇಡ. ಹೇಗಿದೆಯೋ ಹಾಗೇ ಇರಲಿ."

"ನೋಡಿದ್ರಾ ಸೊಕ್ಕು!"

ಹೀಗಿರುವಾಗ ಕ್ಷೌರಿಕರ ಸಂಘದವರು ಒಂದು ತರಬೇತಿ ಇಟ್ಟರು. ಅಂಗಡಿಗೊಬ್ಬರು ಬರಬೇಕು. ಅಣ್ಣ ಹೋದ. ಚರ್ಮದ ಡಾಕ್ಟರಮ್ಮ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. "ನಿಮಗೆ ಕಾಣೋ ಜಾಗ ಆ ಮನುಷ್ಯನಿಗೇ ಕಾಣಲ್ಲ. ಕಟ್ಟಿಕೊಂಡ ಹೆಂಡತಿಗೂ ಕಾಣಲ್ಲ. ಅಂಚು ಸೊಟ್ಟ ಇರೋ ಮಚ್ಚೆ, ಎರಡು ಬಣ್ಣದ ಮಚ್ಚೆ, ಮಾಯದೆ ಇರೋ ಹುಣ್ಣು. ಕಂಡರೆ ಬಿಡಬೇಡಿ. ಚರ್ಮದ ಕ್ಯಾನ್ಸರ್ ಬೇಗ ಸಿಕ್ಕಿದರೆ ಕೊಯ್ದು ತೆಗೆದು ಮನೆಗೆ ಕಳಿಸ್ತೀವಿ. ತಡವಾದರೆ ನಮ್ಮ ಕೈಲೂ ಇರಲ್ಲ. ಆದರೆ ಕಾಯಿಲೆ ಹೆಸರು ನೀವು ಎತ್ತಬೇಡಿ. ನಾಲ್ಕು ಜನರ ಮುಂದೆ ಹೇಳಬೇಡಿ, ಇನ್ನೊಬ್ಬರ ಕೈಲಿ ಹೇಳಿಸಬೇಡಿ. ಅವರೊಬ್ಬರೇ ಇದ್ದಾಗ ನೀವೇ ಬಾಯಿಬಿಟ್ಟು ಹೇಳಿ."

ಮುಂದಿನ ರಜೆಯ ದಿನ ತಮ್ಮ ಮೊದಲು ಕುಳಿತ. ಬಲಗಿವಿಯ ಹಿಂದೆ ಕೂದಲು ಎತ್ತಿದ ಅಣ್ಣನ ಕೈ ಅಲ್ಲೇ ನಿಂತಿತು. ಮಚ್ಚೆ. ಹೋದ ತಿಂಗಳು ಕಂಡ ನೆನಪಿಲ್ಲ. ಅಂಚು ಸೊಟ್ಟ. ಒಂದು ಕಡೆ ಕಂದು, ಇನ್ನೊಂದು ಕಡೆ ಕಪ್ಪು.

ಹೇಳಿ ಕಳಿಸಲು ಗಿರಾಕಿಯಿಲ್ಲ. ಇದ್ದರೂ ಹೇಳಿಸುವ ಹಾಗಿಲ್ಲ.

ಕತ್ತರಿ ಕೆಳಗಿಟ್ಟ. ಹನ್ನೊಂದು ವರ್ಷದ ಬಿಗುಮಾನ ನುಂಗಿದ.

"ಪುಟ್ಟಾ," ಎಂದ. "ಇಲ್ಲೊಂದು ಮಚ್ಚೆ ಇದೆ ಕಣೋ. ಡಾಕ್ಟರಿಗೆ ತೋರಿಸೋಣ. ನಡಿ, ನಾನೂ ಬರ್ತೀನಿ."

ಕನ್ನಡಿಯಲ್ಲಿ ತಮ್ಮನ ಕಣ್ಣು ತುಂಬಿತು. ಬಾಯಿ ತೆರೆದ. ಮುಚ್ಚಿಕೊಂಡ.

"ಇಷ್ಟಾದ ಮೇಲೂ ಒಂದು ಮಾತಾಡಬಾರದೇನೋ? ನಾನೇ ಸೋತು ಬಂದಿದ್ದೀನಲ್ಲ!"

ತಮ್ಮ ಇಲ್ಲವೆಂದು ತಲೆಯಾಡಿಸಿದ. ಕೊರಳಿಗೆ ಕಟ್ಟಿದ್ದ ಕಟಿಂಗ್ ಬಟ್ಟೆ ಬಿಚ್ಚಿ, ಎದ್ದು ಚಪ್ಪಲಿ ಮೆಟ್ಟಿಕೊಂಡ.

ದಾರಿಯುದ್ದಕ್ಕೂ ಅಣ್ಣನೊಬ್ಬನದೇ ಮಾತು. ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದ. ಮಾಯದ ಹುಣ್ಣಿನ ವಿಷಯ ಬಂದಾಗ ತಮ್ಮ ರಸ್ತೆಯ ನಡುವೆ ಗಕ್ಕನೆ ನಿಂತ. ಆಮೇಲೆ ಒಂದು ಹೆಜ್ಜೆ ಹಿಂದೆಯೇ ನಡೆದು ಬಂದ. ಹೆದರಿದ್ದಾನೆ, ಪಾಪ, ಅಂದುಕೊಂಡ ಅಣ್ಣ.

ಅದೇ ಡಾಕ್ಟರಮ್ಮ ತಮ್ಮನ ಕಿವಿಯ ಹಿಂದೆ ಭೂತಗನ್ನಡಿ ಹಿಡಿದು ನೋಡಿ ನಕ್ಕರು. "ವಯಸ್ಸಾಗ್ತಾ ಬರೋ ಮಚ್ಚೆ ಇದು. ಏನೂ ಆಗಲ್ಲ. ಆದರೂ ತೋರಿಸಿದ್ದು ಒಳ್ಳೇದೇ ಆಯಿತು."

ಅಣ್ಣ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಅತ್ತ. ಉಳಿದುಕೊಂಡ. ತಮ್ಮ ಉಳಿದುಕೊಂಡ.

ತಮ್ಮ ಬಂದು ಅವನ ಬೆನ್ನ ಹಿಂದೆ ನಿಂತ, ಅಂಗಡಿಯಲ್ಲಿ ನಿಲ್ಲುವ ಹಾಗೆ. ಎರಡು ಬೆರಳಲ್ಲಿ ಹಿಂದಲೆಯ ಕುಚ್ಚನ್ನು ಮೆಲ್ಲಗೆ ಬಿಡಿಸಿದ.

"ಮೇಡಂ, ಇವರಿಗೆ ಹೇಳಿ," ಎಂದ. "ಎರಡು ವರ್ಷದ ಹುಣ್ಣು ಇದು. ಬಾಚಣಿಗೆ ತಾಗಿದರೆ ರಕ್ತ ಬರುತ್ತೆ. ಅದಕ್ಕೇ ಇಲ್ಲಿ ಕೂದಲು ಮುಚ್ಚಿ ಬಿಡ್ತಿದ್ದೆ. ಇದು ಇಂಥ ಕಾಯಿಲೆ ಇರಬಹುದು ಅಂತ ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ."

ಡಾಕ್ಟರಮ್ಮ ನೋಡಿದರು. ಈ ಸಲ ಭೂತಗನ್ನಡಿಯನ್ನು ಬೇಗ ತೆಗೆಯಲಿಲ್ಲ. ಅಣ್ಣನ ಕುತ್ತಿಗೆಯ ಎರಡೂ ಬದಿ ಬೆರಳೊತ್ತಿದರು. ಒಂದು ಕಡೆ ಗಂಟಿನ ಮೇಲೆ ಬೆರಳು ನಿಂತಿತು. ಅವರ ನಗು ಹೋಗಿತ್ತು.

"ಎರಡು ವರ್ಷ! ಪಕ್ಕದಲ್ಲೇ ಇದ್ದೀರಿ. ಇವರಿಗೇ ನೇರವಾಗಿ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಆಣೆ ಮಾಡು ಅಂದಾಗ ಇವರ ತಲೆ ಮೇಲೇ ಕೈಯಿಟ್ಟಿದ್ದೆ ಮೇಡಂ. ಮಾತಾಡಿದರೆ ಈ ತಲೆಗೆ ಏನಾದರೂ ಆಗಿಬಿಡುತ್ತೆ ಅಂತ..."

ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಆಣೆ ಮುರಿದಿರಲಿಲ್ಲ.